ಅಪ್ಪನ ಬೈಕಿನ ಮಿರ್ಚಿ ಹೊಗೆ

ಕಿಕ್ ಹೊಡೆದದ್ದೇ ತಡ, ಅಪ್ಪ ತೀರಿಕೊಂಡ ಮೇಲೆ ನಿಂತೇ ಇದ್ದ ಅವರ ಹಳೇ ಬೈಕು ಗುಡುಗಿ, ಕೆ.ಬಿ. ಬಡಾವಣೆಯ ನಮ್ಮ ಓಣಿಯನ್ನೆಲ್ಲ ಹೊಗೆಯಲ್ಲಿ ಮುಚ್ಚಿತು. ಆ ಹೊಗೆಯೊಳಗಿಂದ ಕೆಮ್ಮುತ್ತ ಹೊರಬಂದವರು, ತಂಗಿಯ ಸಂಬಂಧದ ಮಾತಿಗೆಂದು ಭಾನುವಳ್ಳಿಯಿಂದ ಬಂದಿದ್ದ ಗಂಡಿನ ತಂದೆ. ಅವರನ್ನು ಹರಿಹರದ ಬಸ್ಸಿಗೆ ಠೀವಿಯಿಂದ ಬಿಟ್ಟು ಬರುವ ಆಸೆ ನನ್ನದು. ಈಗ ಅವರ ಗಂಜಿ ಹಾಕಿದ ಬಿಳಿ ಪಂಚೆಯ ತುಂಬ ಎಣ್ಣೆಯ ಚುಕ್ಕಿ.

ಅವರು ಸಿಟ್ಟಾಗಲಿಲ್ಲ. ಮೂಗರಳಿಸಿ ಕೇಳಿದರು: "ಯಾಕ್ರಿ, ಗಾಡಿಯೊಳಗೆ ಮಿರ್ಚಿ ಕರೀತೀರೇನು?"

ನಿಜಕ್ಕೂ ಹೊಗೆ ಮಿರ್ಚಿ ಅಂಗಡಿಯಂತೆ ಘಮಘಮಿಸುತ್ತಿತ್ತು. ನಾನು ಅವ್ವನ ಮುಖ ನೋಡಿದೆ. ಅವ್ವ ಸೆರಗು ಸರಿಮಾಡಿಕೊಂಡಳು.

"ಒಂದ್ ಶುಕ್ರವಾರ ಗಾಡಿ ಪೂಜೆ ಮಾಡುವಾಗ ನೋಡಿದ್ರೆ ಆಯಿಲ್ ಟ್ಯಾಂಕ್ ತಳ ಕಾಣ್ತಿತ್ತಪ್ಪ. ನಿಮ್ಮಪ್ಪನ ಗಾಡಿ ಬರಿದಾಗಿ ನಿಲ್ಲಬಾರ್ದು ಅಂತ ವಾರವಾರ ಒಂಚೂರು ಶೇಂಗಾ ಎಣ್ಣಿ ಹಾಕ್ತಾ ಬಂದೆ. ದೀಪಕ್ಕೆ ಹಾಕಲ್ವಾ, ಹಂಗೆ."

ಅಸಲಿಗೆ ಆಯಿಲ್ ಖಾಲಿಯಾಗಿರಲೇ ಇಲ್ಲ. ಇಂಥ ಹಳೇ ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ಆಯಿಲ್ ಮೆಲ್ಲಗೆ ಇಳಿದು ಎಂಜಿನ್ನಿನ ತಳದಲ್ಲಿ ಸೇರಿಕೊಳ್ಳುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿ ಅದನ್ನು ಬಸಿಯದೆ ಕಿಕ್ ಹೊಡೆದರೆ ಹೀಗೇ ಉಗುಳುತ್ತದೆ. ಅವ್ವ ಅದರ ಮೇಲೆ ಶೇಂಗಾ ಎಣ್ಣೆಯನ್ನೂ ಬೆರೆಸಿದ್ದಳು.

ಸಂಬಂಧ ಕೂಡಿಬಂತು. ಈಗ ನಾನು ಆಯಿಲ್ ಬಸಿದು, ಟ್ಯಾಂಕಿಗೆ ಮರಳಿ ಸುರಿದ ಮೇಲೇ ಕಿಕ್ ಹೊಡೆಯುತ್ತೇನೆ. ಆದರೂ ಬೀಗರು ನಮ್ಮ ಮನೆಗೆ ಹೊರಡುವ ಮುನ್ನ ಫೋನಿನಲ್ಲಿ ಹೇಳುವುದು ಒಂದೇ ಮಾತು: "ಮಂಡಕ್ಕಿ ನಾವು ತರ್ತೀವಿ, ನೀವು ಗಾಡಿ ಚಾಲೂ ಮಾಡ್ರಿ."