ಬೆಲ್ಟು ದಾಟಿಸುವ ಮೇಷ್ಟ್ರು

ಫಿನ್ಲೆಂಡಿನ ಉತ್ತರದ ತುದಿಯ ಆ ಶಾಲೆಯಲ್ಲಿ ವ್ಯಾಯಾಮದ ತೌನೊ ಮೇಷ್ಟ್ರು "ಸುಮ್ನೆ ಕೂತ್ಕೋ" ಅಂದದ್ದನ್ನು ಮೂವತ್ತು ವರ್ಷದಲ್ಲಿ ಯಾರೂ ಕೇಳಿಲ್ಲ. ಮೊಣಕಾಲುದ್ದ ಹಿಮ ಬಿದ್ದಿರಲಿ, ಗಮನ ನಿಲ್ಲದೆ ಚಡಪಡಿಸುವ ಮಕ್ಕಳ ಕಾಲಿಗೆ ಸ್ಕೀ ಕಟ್ಟಿಸಿ, ಮೈದಾನ ಸುತ್ತಿಸಿಯೇ ಗಣಿತಕ್ಕೆ ಕಳಿಸುತ್ತಾರೆ. ತಾವೂ ಕಾಫಿ ಕುಡಿಯುವುದು ನಿಂತೇ. "ವಿಲ್ಯಾ ಒಂದ್ನಿಮಿಷ ಕೂರಲ್ಲ, ಇವತ್ತವಳಿಗೆ ಆಟ ಬೇಡ" ಎಂದು ಹೆಲ್ವಿ ಟೀಚರ್ ತಡೆದರೆ, "ಜ್ವರ ಇಳೀಲಿಲ್ಲ ಅಂತ ಔಷಧಿ ನಿಲ್ಲಿಸ್ತೀರೇನಮ್ಮ?" ಎನ್ನುತ್ತಾರೆ. ಅವರ ಜಿಮ್ಮಿನ ಬಾಗಿಲಲ್ಲಿ ಸವೆದ ಚರ್ಮದ ಬೆಲ್ಟೊಂದು ನೆಲದ ಮೇಲೆ ಅಡ್ಡಲಾಗಿ ಬಿದ್ದಿರುತ್ತದೆ. ಅದನ್ನು ಹಾರಿಯೇ ಮಕ್ಕಳು ಒಳಗೆ ಬರಬೇಕು. "ಇದು ಯಾರ್ದು ಮೇಷ್ಟ್ರೆ?" ಎಂದು ಮೊನ್ನೆ ವಿಲ್ಯಾ ಕೇಳಿದಳು. "ನಿನ್ನಷ್ಟಿದ್ದಾಗ ಶಾಲೇಲಿ ನನ್ನನ್ನ ಇದ್ರಲ್ಲೇ ಕುರ್ಚಿಗೆ ಕಟ್ಟಿಹಾಕ್ತಿದ್ರು ಮರಿ." ವಿಲ್ಯಾ ಬೆಲ್ಟನ್ನೊಮ್ಮೆ ನೋಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬಂದು, ಎಂದಿಗಿಂತ ಎತ್ತರಕ್ಕೆ ಹಾರಿದಳು.