ಇನಾಮದಾರ್ ಸಾಹೇಬರ ಮುನ್ನೂರು ಕೇಸು

ಮೊನ್ನೆ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನಮ್ಮ ಮನೆಯ ಹಿತ್ತಾಳೆ ಚಿಲಕ ಉಜ್ಜಿ ಸುಮ್ಮನೆ ಕೈ ಮೂಸಿದೆ ನೋಡಿ, ಪಕ್ಕದೂರು ಹೇವರ್ಡಿನ ಇನಾಮದಾರ್ ಸಾಹೇಬರ ಗ್ಯಾರೇಜು ನೆನಪಾಯಿತು.

ಡಾಟ್‌ಕಾಮ್ ಭರಾಟೆಯ ದಿನಗಳವು. ನಮ್ಮ ಕಂಪನಿ ಏನು ಮಾರುತ್ತದೆಂದು ನನಗೆ ತಿಳಿದಿರಲಿಲ್ಲ. ಕೇಳುವುದು ಸಭ್ಯತೆಯೂ ಆಗಿರಲಿಲ್ಲ. ವಿಜಾಪುರದ ಸಾಹೇಬರು ಲೇತ್ ಮೆಷಿನ್ನಿನ ಕೆಲಸದವರು. ರಜೆಯ ದಿನ ಮಗಳು ಸಲ್ಮಾಳೊಂದಿಗೆ ರೈಫಲ್ ಗುರಿ ಅಭ್ಯಾಸಕ್ಕೆ ಹೋಗುತ್ತಿದ್ದರು. ಹಾರಿಸಿದ ಗುಂಡುಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಮನೆಗೆ ತಂದು, ತೊಳೆದು, ಎಣ್ಣೆ ಸವರಿ, ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಿದ್ದರು, ಮತ್ತೆ ಮದ್ದು ತುಂಬಲು. ಆ ಕೊಳವೆಗೆ ಅವರು ಹೇಳುತ್ತಿದ್ದುದು ಕೇಸು. "ಶನಿವಾರ ಸಾಹೇಬರ ಮನೆಗೆ ಹೋಗ್ತೀನಿ, ಮುನ್ನೂರು ಕೇಸಿದೆಯಂತೆ" ಎಂದಾಗ ನನ್ನ ಹೆಂಡತಿ ಗಾಬರಿಯಾಗಿ, "ಅಯ್ಯೋ, ಏನ್ ಮಾಡಿದ್ರಂತೆ ಪಾಪ?" ಎಂದಿದ್ದಳು.

ಸಾಹೇಬರು ತುದಿ ಬಾಗಿಸಿದ ತಂತಿಯೊಂದನ್ನು ನನ್ನ ಕೈಗಿತ್ತರು. "ಒಳಗ ತಳದ ಹತ್ರ ಕೆರೀರಿ. ತಂತಿ ಎಲ್ಲೆರ ಸಿಕ್ಕೊಂತಂದ್ರ ಅಲ್ಲಿ ಹಿತ್ತಾಳಿ ತೆಳ್ಳಗಾಗೇತಿ, ಆ ಕೇಸು ಸೋತೈತಿ, ಡಬ್ಬಿಗೆ ಒಗೀರಿ. ಒಂದೂ ಬಿಡಬ್ಯಾಡ್ರಿ." ಅಷ್ಟು ಹೇಳಿ ನಮಾಜಿಗೆ ಹೋದರು.

ನಲವತ್ತು ಕೆರೆಯುವಷ್ಟರಲ್ಲಿ ನನ್ನೊಳಗಿನ ಇಂಜಿನಿಯರ್ ಎಚ್ಚೆತ್ತ. ಆಫೀಸಿನಲ್ಲಿ ನಾವೇನು ಒಂದೊಂದನ್ನೂ ನೋಡುತ್ತೇವೆಯೇ? ಸ್ಯಾಂಪಲ್ ಸಾಕು. ಉಳಿದವನ್ನು ಹತ್ತಕ್ಕೊಂದರಂತೆ ನೋಡಿ ಮುಗಿಸಿದೆ. ಮರಳಿ ಬಂದ ಸಾಹೇಬರು, "ಭಾಳ ಚುರುಕ ಅದೀರಿ ಬಿಡ್ರಿ" ಎಂದರು. ನಮ್ಮ ಆಫೀಸಿನ ಐದು ಜನ ವೈಸ್ ಪ್ರೆಸಿಡೆಂಟರ ಹೊಗಳಿಕೆಯೂ ನನಗೆ ಅಷ್ಟು ಹಿತವೆನಿಸಿರಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. "ಸಂಜಿಗೆ ಮದ್ದು ತುಂಬತೀನಿ. ನಾಳೆ ಸಲ್ಮಾ ಹೊಡೀತಾಳ" ಎಂದರು ಸಾಹೇಬರು.

"ಅಕಸ್ಮಾತ್ ಸೋತಿದ್ದು ಒಂದು ಉಳ್ಕೊಂಡ್ರೆ?" ಎಂದೆ, ಬರೀ ಕುತೂಹಲವೆಂಬಂತೆ.

"ಬಂದೂಕಿನೊಳಗ ಎರಡು ತುಂಡ ಆಗತೈತಿ. ನಸೀಬು ಕೆಟ್ಟಿದ್ರ ಸುಡೋ ಗಾಳಿ ಹಿಂದಕ್ಕ, ಮುಖಕ್ಕ ಬರ್ತೈತಿ."

ಎದುರಿಗೇ ಸಲ್ಮಾಳ ಮುಖವಿತ್ತು. ಹತ್ತೊಂಬತ್ತರ ಮುಖ, ಉಪ್ಪಿನಕಾಯಿ ಚೀಪುತ್ತಿತ್ತು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟೆ.

"ಸಾಹೇಬ್ರೇ, ನಾನು ಎಲ್ಲಾ ನೋಡ್ಲಿಲ್ಲ. ಹತ್ತಕ್ಕೊಂದು ನೋಡ್ದೆ."

"ಅಂಕಲ್, ಯು ಸ್ಯಾಂಪಲ್ಡ್ ಮೈ ಫೇಸ್?" ಎಂದಳು ಸಲ್ಮಾ.

ಸಾಹೇಬರು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಕೈ ತೊಳೆದು, "ಏಳ್ರಿ" ಎಂದರಷ್ಟೇ. ಮೂವರೂ ಕೂತು ಮುನ್ನೂರನ್ನೂ ಮತ್ತೆ ಕೆರೆದೆವು. ನಾನು ನೋಡದೆ ಪಾಸು ಮಾಡಿದ್ದರಲ್ಲಿ ಏಳು ಕಡೆ ತಂತಿ ಸಿಕ್ಕಿಕೊಂಡಿತು. ಆ ಏಳನ್ನೂ ಸಾಹೇಬರು ಇಕ್ಕಳದಲ್ಲಿ ಹಿಸುಕಿ ಎಸೆದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ಬಾಯಿಬಿಟ್ಟು ಹೇಳಿದ್ರಲ್ಲ, ಆತು. ಮುಂದಿನ ಶನಿವಾರ ಬರ್ರಿ" ಎಂದರು.

ಸೋಮವಾರ ಆಫೀಸಿನಲ್ಲಿ ನಮ್ಮ ಸಾಫ್ಟ್‌ವೇರಿನ ಬಿಡುಗಡೆಯ ಮೀಟಿಂಗು. ಎಲ್ಲರೂ ರೆಡಿ ಎಂದರು. ನಾನು ಪೂರ್ತಿ ನೋಡಿಲ್ಲ ಎಂದೆ. ಇವನು ಟೀಮಿಗೆ ಒಗ್ಗುವ ಮನುಷ್ಯನಲ್ಲ ಎಂದು ತೀರ್ಮಾನವಾಗಿ ನನ್ನ ಕೆಲಸ ಹೋಯಿತು. ಎರಡು ತಿಂಗಳಿಗೆ ಟೀಮೂ ಹೋಯಿತು, ಕುರ್ಚಿಗಳು ಹರಾಜಾದವು.

ಈಗಿನ ಆಫೀಸಿನಲ್ಲಿ ನನ್ನ ಮ್ಯಾನೇಜರಿಗೆ ಮೂವತ್ತೂ ತುಂಬಿಲ್ಲ. ಸಾಫ್ಟ್‌ವೇರಿನ ಎಲ್ಲ ಪರೀಕ್ಷೆ ಮುಗಿಯಿತೇ ಎಂದು ನಿನ್ನೆಯೂ ಕೇಳಿದ. ಇನ್ನೂ ಅರವತ್ತು ಬಾಕಿ ಎಂದೆ. ಅವನ ಮುಖ ಬಾಡಿತು. ಅದರೊಂದಿಗೆ ನನ್ನ ಬಡ್ತಿಯೂ ಬಾಡಿರಬೇಕು. ಅವನು ಅತ್ತ ಹೋದಮೇಲೆ ಕುರ್ಚಿ ಎಳೆದುಕೊಂಡು ಅರವತ್ತರಲ್ಲಿ ಮೊದಲನೆಯದಕ್ಕೆ ಕೈಹಚ್ಚಿದೆ.