ದ್ರಾಕ್ಷಿ ಶೆಡ್ಡಿಗೆ ಬಂದ ಗಾಜು

ಹಳೇ ಬಾಟಲಿ ಪುಡಿ ಮಾಡಿ ಮರಳು ತಯಾರಿಸುವ ಪ್ರಾಯೋಗಿಕ ಘಟಕಕ್ಕೆ ಸರ್ಕಾರ ಅನುದಾನ ಕೊಡುತ್ತದೆ ಎಂದಾಗ, ನಮ್ಮ ಮಹಿಳಾ ಸಂಘದಲ್ಲಿ ಮೊದಲು ಹೂಂ ಅಂದವಳು ನಾನೇ. ಕಟ್ಟಡ ಆಗುವವರೆಗೆ ಜಾಗ ಬೇಕಲ್ಲ? ಅತ್ತೆ ತಮ್ಮ ಒಣದ್ರಾಕ್ಷಿ ಶೆಡ್ಡು ಬಿಟ್ಟುಕೊಟ್ಟರು. ಮಾವ ತೀರಿಕೊಂಡ ಮೇಲೆ ಅದರಲ್ಲೇ ದ್ರಾಕ್ಷಿ ಒಣಗಿಸಿ ಮಕ್ಕಳನ್ನು ಸಾಕಿದವರು ಅವರು. ವರ್ಷದ ಗಳಿಕೆಯೆಲ್ಲ ಇವತ್ತಿಗೂ ಅಲ್ಲಿಂದಲೇ.

"ಹಂಗಾಮಿಗೆ ಮಾತ್ರ ನನಗ ಖಾಲಿ ಬೇಕ ನೋಡವಾ," ಅಂದರು.

ನಮ್ಮ ಅಥಣಿ ಕಡೆ ಕಾರ್ಖಾನೆ ಎಂದರೆ ಸಕ್ಕರೆ ಕಾರ್ಖಾನೆ. ಪಾಳಿ ತಪ್ಪಿದರೆ ಕಬ್ಬು ಗದ್ದೆಯಲ್ಲೇ ಒಣಗುತ್ತದೆ ಎನ್ನುವ ಭಯ ಜನರ ರಕ್ತದಲ್ಲೇ ಇದೆ. ಶೆಡ್ಡಿನ ಮೇಲೆ ನಮ್ಮ ಘಟಕದ ಬೋರ್ಡು ನೋಡಿದ್ದೇ ತಡ, ಕಾಗವಾಡದಿಂದ, ಏಕಸಂಬಿಯಿಂದ ಟ್ರ್ಯಾಕ್ಟರ್‌ಗಟ್ಟಲೆ ಬಾಟಲಿ!

"ಮಷಿನ್ನ ಬಂದಿಲ್ರೀ ಇನ್ನಾ!" ಎಂದು ಅರಚಿದೆ.

"ಬರ್ಲಿ ಬಿಡ್ರಿ ಅಕ್ಕಾರ, ನಮ್ಮ ಪಾಳಿ ಹಿಡದಿಡ್ರಿ," ಎನ್ನುತ್ತ ಟ್ರೇಲರ್ ಎತ್ತಿ ಶೆಡ್ಡಿನೊಳಗೇ ಸುರಿದುಬಿಟ್ಟರು. ಗಾಜು ಗಾಜಿನ ಮೇಲೆ ಬಿದ್ದು ಪುಡಿಯಾಯಿತು.

ಅನುದಾನಕ್ಕಾಗಿ ಚಿಕ್ಕೋಡಿಯ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆದವು. "ಮಷಿನ್ ಕೂಡ್ಸಿ ಫೋಟೋ ಕೊಡ್ರಿ ಮೇಡಂ, ರೊಕ್ಕ ಬಿಡತೇವಿ," ಎಂದರು ಸಾಹೇಬರು.

"ರೊಕ್ಕ ಇಲ್ದ ಮಷಿನ್ ಹೆಂಗ ತರೂಣ್ರಿ?"

ಅವರು ಫೈಲು ಮುಚ್ಚಿ, "ಅದೂ ಖರೇನ ಐತಿ," ಎಂದರು. ಮುಂದಿನ ಸಲ ಹೋದರೆ ಅವರಿಗೆ ವರ್ಗವಾಗಿತ್ತು. ಹೊಸಬರು ಈ ಯೋಜನೆ ತಮ್ಮ ಇಲಾಖೆಗೆ ಬರುವುದೇ ಇಲ್ಲವೆಂದರು. ಅವರು ಹೇಳಿದ ಇಲಾಖೆಯವರು ಮತ್ತೆ ಇವರ ಹತ್ತಿರವೇ ಕಳಿಸಿದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಯಾರಿಗೆ ಬಯ್ಯಬೇಕು ಎಂಬುದೂ ತಿಳಿಯದೆ ಬಸ್ಸಿನಲ್ಲಿ ಕಂಡಕ್ಟರನಿಗೆ ಬಯ್ದೆ, ಪಾಪ.

ಅಷ್ಟರಲ್ಲಿ ದ್ರಾಕ್ಷಿ ಹಣ್ಣಾಯಿತು. ಮೀರಜಿನ ಗುಜರಿಯವನನ್ನು ಕಾಡಿ ಬೇಡಿ ಗಾಜು ಸಾಗಿಸಿದೆವು. ಶೆಡ್ಡು ತೊಳೆದೆವು, ದ್ರಾಕ್ಷಿ ಹರವುವ ಬಲೆಗಳನ್ನೆಲ್ಲ ಬದಲಿಸಿದೆವು. ಅತ್ತೆ ಮೊಣಕಾಲೂರಿ ನೆಲವನ್ನೆಲ್ಲ ಅಂಗೈಯಿಂದ ಸವರಿ ನೋಡಿದರು. ಬೇಡ ಅಂದರೂ ಕೇಳಲಿಲ್ಲ.

ಆ ವರ್ಷ ದ್ರಾಕ್ಷಿ ಬಂಗಾರದ ಬಣ್ಣಕ್ಕೆ ಒಣಗಿತು. ಮಾವನ ಕಾಲದಿಂದ ನಮ್ಮ ಮಾಲು ಒಯ್ಯುವ ವ್ಯಾಪಾರಿ ಬಂದರು. ಬಂದೊಡನೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೇ ಕೂಡುವ ಮನುಷ್ಯ, ಅವತ್ತು ಅಂಗೈಯಲ್ಲಿ ಹೊರಳಾಡಿಸಿ ವಾಪಸ್ ಬುಟ್ಟಿಗೆ ಹಾಕಿದರು.

"ತಪ್ಪ ತಿಳೀಬ್ಯಾಡ್ರಿ ಆಯಿ. ಗಾಜಿನ ಶೆಡ್ಡ ಅಂತ ಎಲ್ಲಾರಿಗೂ ಗೊತ್ತಾಗೇತಿ. ಇದನ್ನ ನನ್ನ ಕಡಿಂದ ಯಾರ ತಗೋತಾರ್ರಿ?"

ಅಯ್ಯೋ ಶಿವನೇ! ಅತ್ತೆ ಒಂದು ಮುಷ್ಟಿ ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ವ್ಯಾಪಾರಿಯ ಮುಖ ನೋಡುತ್ತ ನಿಧಾನವಾಗಿ ಅಗಿದರು. ನಾನು ಅವರ ಬಾಯಿಯನ್ನೇ ನೋಡಿದೆ. ನುಂಗಿದರು.

ಆಮೇಲೆ ಬುಟ್ಟಿಯನ್ನು ನನ್ನ ಮುಂದೆ ಹಿಡಿದರು.

"ನೀನೂ ತಿನ್ನವಾ. ಇವರು ನೋಡ್ಲಿ."

ನನ್ನ ಕೈ ಮುಂದೆ ಹೋಗಲಿಲ್ಲ.